ಕೈಯಳತೆಯ ಕಾಗವಾಡ

ಬಸ್ಸಿನಿಂದ ಕಾಗವಾಡದಲ್ಲಿ ಇಳಿದಾಗ ಮಧ್ಯಾಹ್ನ ಒಂದು ಗಂಟೆ. ಹೊಟ್ಟೆ ತಾಳ ಹಾಕುತ್ತಿತ್ತು. ಬೆಳಗಾವಿ ಜಿಲ್ಲೆಯ ಗಡಿಯೂರು ಇದು. ಮುಂದೆ ಹೋದರೆ ಮಿರಜ, ಅದರಾಚೆ ಸಾಂಗಲಿ. ಪಾನ್ ಅಂಗಡಿಯವನು ಒಬ್ಬ ಗಿರಾಕಿಗೆ ಕನ್ನಡದಲ್ಲಿ, ಇನ್ನೊಬ್ಬನಿಗೆ ಮರಾಠಿಯಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಿದ್ದ.

ಗೆಳೆಯನ ಮನೆಯಲ್ಲಿ ತಾಟು ಬಂತು ನೋಡಿ! ಬಿಸಿ ಜೋಳದ ರೊಟ್ಟಿ, ಕೃಷ್ಣಾ ದಂಡೆಯ ಬದನೆಯ ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಕೆನೆಮೊಸರು. ಹೀರೋ ಯಾರಪ್ಪಾ ಅಂದರೆ ಬದನೆಕಾಯಿಯೇ! ನಾಲ್ಕನೇ ರೊಟ್ಟಿ ಮುರಿಯುತ್ತಾ ಗೆಳೆಯನ ತಾಯಿಯನ್ನು ಕೇಳಿದೆ:

"ಅವ್ವಾ, ಇದಕ್ಕ ಖಾರ ಎಷ್ಟ ಹಾಕ್ತೀರಿ?"

"ಕೈಗೆ ಬಂದಷ್ಟ, ತಮ್ಮಾ. ಅದನ್ನೇನ ಕೇಳ್ತಿ? ತಿನ್ನು."

ನಕ್ಕೆ. ಆದರೆ ನಗು ಅರ್ಧಕ್ಕೇ ನಿಂತಿತು. ನನ್ನ ತಾಯಿಯೂ ಹೀಗೇ ಅನ್ನುತ್ತಿದ್ದಳು. ಅವಳು ಹೋದ ಮೇಲೆ ಆ ಮಸಾಲೆ ಖಾರ ನಮ್ಮ ಮನೆಯಲ್ಲಿ ಯಾರ ಕೈಗೂ ಬರಲಿಲ್ಲ. ಅಕ್ಕ ಮೂರು ಸಲ ಕುಟ್ಟಿ ನೋಡಿದಳು. ಮೂರೂ ಸಲ ರುಚಿ ಬೇರೆ.

ಅಡುಗೆಯನ್ನು ಬರೆದಿಡುವುದು ಕನ್ನಡಕ್ಕೇನು ಹೊಸದಲ್ಲ. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲೇ ಅಡುಗೆಯ ಮಾತಿದೆ. 1508ರ ಸುಮಾರಿಗೆ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲೇ ಬರೆದ. ಬದನೆಕಾಯಿಯ ಅಡುಗೆಗಳಿಗೂ ಅದರಲ್ಲಿ ಜಾಗ ಸಿಕ್ಕಿದೆ!

ಇನ್ನು ಗಡಿಯಾಚೆಯ ಕಥೆ ಕೇಳಿ. ಕಮಲಾಬಾಯಿ ಓಗಲೆ ಶಾಲೆ ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಸಾಂಗಲಿಗೆ ಸೊಸೆಯಾಗಿ ಬಂದು ಅತ್ತೆಯಿಂದ ಅಡುಗೆ ಕಲಿತರು. 1970ರಲ್ಲಿ ಅವರ ಮರಾಠಿ ಪುಸ್ತಕ 'ರುಚಿರಾ' ಬಂತು. ತಕ್ಕಡಿ ಬೇಡ, ಮನೆಯ ವಾಟಿ, ಚಮಚ ಸಾಕು! ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾದವು. ಮದುವೆಯಾಗಿ ಪರದೇಶಕ್ಕೆ ಹೊರಟ ಹುಡುಗಿಯರ ಪೆಟ್ಟಿಗೆಯಲ್ಲೂ ಆ ಪುಸ್ತಕ ಹೋಯಿತು.

ಅಂದ ಹಾಗೆ, 1843ರಲ್ಲಿ ಇದೇ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕ ಆಡಿಸಿದ್ದು ನಮ್ಮ ಕರ್ನಾಟಕದ ಭಾಗವತರ ಆಟದ ಪ್ರೇರಣೆಯಿಂದ. ನಮ್ಮಿಂದ ಅವರು ಆಟ ತಗೊಂಡರು. ಅವರಿಂದ ನಾವು ವಾಟಿ ಚಮಚದ ಲೆಕ್ಕ ತಗೊಂಡರೆ ತಪ್ಪೇನು?

ಚಿತ್ರರಸಿಕ ಗೆಳೆಯರೇ, ಒಂದು ಹಾಡು ಕೇಳಿದರೆ ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು, ಎಲ್ಲ ನಮಗೆ ಬಾಯಿಪಾಠ. ದಿನಾ ತಿನ್ನುವ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಎಸಳು ಅಂದರೆ ತಲೆ ಕೆರೆದುಕೊಳ್ಳುತ್ತೇವೆ!

ಸಂಜೆ ವಾಪಸಾಗಲು ಸ್ಟ್ಯಾಂಡಿಗೆ ಬಂದವನು, ಬಸ್ಸು ಬಿಟ್ಟು, ಒಂದು ನೋಟ್‌ಬುಕ್ ಕೊಂಡು ಮತ್ತೆ ಆ ಮನೆಗೇ ಹೋದೆ.

"ಹುಚ್ಚ ಹಿಡದೈತೇನ ನಿನಗ?" ಎನ್ನುತ್ತಲೇ ಅವ್ವ ಖಾರದ ಡಬ್ಬಿಗೆ ಕೈ ಹಾಕಿದರು. ಅವರ ಮುಷ್ಟಿಯ ಕೆಳಗೆ ನಾನು ವಾಟಿ ಹಿಡಿದೆ. ಬಿದ್ದದ್ದನ್ನು ಅಳೆದೆ. ಮೂರು ಚಮಚಕ್ಕೆ ತುಸು ಕಡಿಮೆ.

'ಎಣ್ಣೆಗಾಯಿ, ಕಾಗವಾಡ' ಅಂತ ಮೇಲೆ ಬರೆದು, ಕೆಳಗೆ ಲೆಕ್ಕ ಬರೆದುಕೊಂಡೆ.