ನಾಲ್ಕು ಕೋಮ, ನಾಲ್ಕು ಶ್ರುತಿ

ತುರ್ಕಿಯ ಶಾಸ್ತ್ರೀಯ ಸಂಗೀತದ ಬರಹ ಮೇಲ್ನೋಟಕ್ಕೆ ಯುರೋಪಿನದೇ: ಐದು ಗೆರೆ, ಗೆರೆಗಳ ಮೇಲೆ ಸ್ವರ. ಒಳಗಿನ ಲೆಕ್ಕ ಬೇರೆ. ಪಿಯಾನೋ ಒಂದು ಸ್ಥಾಯಿಯನ್ನು 12 ಸಮಭಾಗ ಮಾಡಿದರೆ ಅಲ್ಲಿ 53 ಭಾಗ. ಒಂದು ಭಾಗಕ್ಕೆ ಕೋಮ ಎಂದು ಹೆಸರು. ಪೂರ್ಣ ಸ್ವರಾಂತರ ಎಂದರೆ 9 ಕೋಮ. ಅದಕ್ಕಿಂತ ಚಿಕ್ಕ ಅಂತರಗಳಲ್ಲಿ 4 ಕೋಮದ್ದು ಬಕಿಯೆ, 5 ಕೋಮದ್ದು ಕುಚುಕ್ ಮುಜೆನ್ನೆಪ್, 8 ಕೋಮದ್ದು ಬುಯುಕ್ ಮುಜೆನ್ನೆಪ್. ಕಳೆದ ಶತಮಾನದಲ್ಲಿ ಅರೆಲ್, ಎಜ್ಗಿ, ಉಜ್ದಿಲೆಕ್ ಎಂಬ ಮೂವರ ಹೆಸರಿನಲ್ಲಿ ನೆಲೆಗೊಂಡ ಪದ್ಧತಿ ಇದು.

ಇದರ ಬಗ್ಗೆ ಇಂಗ್ಲಿಷಿನಲ್ಲಿದ್ದ ಒಂದು ಪ್ರವೇಶಿಕೆಯನ್ನು ನಾನು ಕನ್ನಡಕ್ಕೆ ತಂದೆ. ಪರಭಾಷೆಯ ಒಂದು ಪದವನ್ನೂ ಉಳಿಸಬಾರದೆಂಬ ಹಟವಿತ್ತು. ಸೂಕ್ಷ್ಮ ಸ್ವರಾಂತರಗಳ ವಿಚಾರದಲ್ಲಿ ನಮ್ಮ ಪರಂಪರೆಯಷ್ಟು ಶ್ರೀಮಂತವಾದದ್ದು ಇನ್ನೊಂದಿಲ್ಲ, ನಮಗೇಕೆ ಎರವಲು ಎಂಬ ಅಭಿಮಾನ. ಕೋಮ ಎಂದರೆ ಆಸ್ಪತ್ರೆಯ ಕೋಮಾ ನೆನಪಾದೀತು ಎಂಬ ಅಂಜಿಕೆಯೂ ಸೇರಿಕೊಂಡಿತು. ಹಾಗಾಗಿ ಕೋಮವನ್ನು ಶ್ರುತಿ ಎಂದೆ. ನಾಲ್ಕು ಕೋಮದ ಬಕಿಯೆ ಚತುಶ್ರುತಿ ಆಯಿತು, ಐದರದ್ದು ಪಂಚಶ್ರುತಿ. ಕೋಷ್ಟಕ ಮುಗಿದಾಗ ಅಚ್ಚ ಕನ್ನಡದಲ್ಲೇ ಹುಟ್ಟಿದ ಪುಸ್ತಕದಂತೆ ಕಂಡಿತು.

ಪಿಟೀಲು ಕಲಿಸುವ ಪರಿಚಿತರೊಬ್ಬರು ಕರಡನ್ನು ಓದಿ, ಹಿಜಾಜ್ ಎಂಬ ಮಕಾಮಿನ (ನಮ್ಮ ರಾಗದಂಥದ್ದು) ಪುಟ ತೆಗೆದು ನುಡಿಸಲು ಕೂತರು. ಅದರ ಮೊದಲ ನಾಲ್ಕು ಸ್ವರ ಲಾ, ಸಿ, ದೋ, ರೇ. ಸಿ ನಾಲ್ಕು ಕೋಮ ಇಳಿಯಬೇಕು, ದೋ ನಾಲ್ಕು ಕೋಮ ಏರಬೇಕು. ನಾನು ಬರೆದದ್ದು, ಸಿ ಚತುಶ್ರುತಿ ಇಳಿಕೆ, ದೋ ಚತುಶ್ರುತಿ ಏರಿಕೆ. ಕರ್ನಾಟಕ ಸಂಗೀತದವರಿಗೆ ಚತುಶ್ರುತಿ ಎಂದರೆ ಷಡ್ಜದಿಂದ ಚತುಶ್ರುತಿ ರಿಷಭದವರೆಗಿನ ದೂರ, ಅಂದರೆ ಪೂರ್ತಿ ಒಂದು ಸ್ವರ. ಅವರ ಬೆರಳು ಸಿಯಿಂದ ಅಷ್ಟೂ ಹಿಂದೆ ಸರಿದು ಲಾ ಮೇಲೆಯೇ ಬಂದು ನಿಂತಿತು. ದೋ ಏರಿ ರೇಗೆ ಸೇರಿತು. ಎರಡು ಸಲ ನುಡಿಸಿ ಕಮಾನು ಕೆಳಗಿಟ್ಟರು.

“ನೀವು ಬರೆದ ಹಾಗೇ ನುಡಿಸಿದೆ ಸಾರ್. ಸಾ ಸಾ ಮಾ ಮಾ ಅಂತ ಬರ್ತಿದೆಯಲ್ಲ, ಇದರಲ್ಲಿ ರಾಗ ಎಲ್ಲಿದೆ?”

ನಿಜವಾಗಿ ಅಲ್ಲಿರಬೇಕಾದ ಅಂತರಗಳು 5, 12, 5 ಕೋಮ. ಸಾ ರಿ ಗಾ ಮಾ ಎಂದು ನಮ್ಮ ಮಕ್ಕಳು ಮೊದಲ ಪಾಠಕ್ಕೆ ಹಾಡುವ ಮಾಯಾಮಾಳವಗೌಳದ ಪೂರ್ವಾಂಗಕ್ಕೆ ತೀರ ಹತ್ತಿರದ ನಡೆ. ಅವರು ಕೇಳಿದ ಕೂಡಲೇ ಗುರುತಿಸಬಹುದಾಗಿದ್ದ ಬಂಧುವನ್ನು ನನ್ನ ಪರಿಭಾಷೆಯೇ ಮುಚ್ಚಿಹಾಕಿತ್ತು.

ತಪ್ಪು ಲೆಕ್ಕದಲ್ಲೇ ಇತ್ತು. ಭರತನ ಲೆಕ್ಕದಲ್ಲಿ ಸ್ಥಾಯಿಗೆ ಶ್ರುತಿಗಳು 22, ತುರ್ಕಿಯಲ್ಲಿ ಕೋಮಗಳು 53. ಅಲ್ಲಿನ ನಾಲ್ಕು ಇಲ್ಲಿನ ನಾಲ್ಕಾಗಲು ಸಾಧ್ಯವೇ ಇಲ್ಲ. ಪಂಚಶ್ರುತಿಯ ಕಥೆಯೂ ಅಷ್ಟೇ. ವೆಂಕಟಮಖಿಯ ಚತುರ್ದಂಡೀ ಪ್ರಕಾಶಿಕೆಯ ಪಂಚಶ್ರುತಿ ರಿಷಭವೇ ಇಂದಿನ ಚತುಶ್ರುತಿ ರಿಷಭ. ತುರ್ಕಿಯವರು ಬೇರೆ ಬೇರೆ ಚಿಹ್ನೆ ಕೊಟ್ಟು ಕಾಪಾಡಿಕೊಂಡ ಎರಡು ಅಂತರಗಳು ನನ್ನ ಪುಟದಲ್ಲಿ ಒಂದೇ ಆಗಿಬಿಟ್ಟಿದ್ದವು.

ಶುದ್ಧ ಎಂಬ ಪದ ಇನ್ನೂ ಕಷ್ಟಕ್ಕಿಟ್ಟುಕೊಂಡಿತು. ಏರಿಕೆ ಇಳಿಕೆ ಇಲ್ಲದ ಸ್ವರಕ್ಕೆ ಶುದ್ಧ ಎಂದಿದ್ದೆ. ಶುದ್ಧ ರಿಷಭ ಎಂದರೆ ಧಾರವಾಡದ ಹಿಂದುಸ್ತಾನಿ ಗಾಯಕರು ಹಾಡುವ ಸ್ವರವೇ ಬೇರೆ, ಮೈಸೂರಿನ ವೈಣಿಕರು ಮೀಟುವ ಮನೆಯೇ ಬೇರೆ. ಮೈಸೂರಿನವರ ಶುದ್ಧ ರಿಷಭ ಧಾರವಾಡದವರಿಗೆ ಕೋಮಲ. ಎರಡೂ ಸಂಗೀತ ಬಾಳುತ್ತಿರುವ ನಾಡಿನಲ್ಲಿ ಕೂತು ಇಷ್ಟನ್ನು ಯೋಚಿಸದೆ ಹೋದದ್ದು ನನಗೆ ಇಂದಿಗೂ ನೋವು.

ಎರಡನೆಯ ಕರಡಿನಲ್ಲಿ ಕೋಮ ಕೋಮವಾಗಿಯೇ ಉಳಿಯಿತು, ಅಂಕಿಗಳು ಕನ್ನಡಕ್ಕೆ ಬಂದವು: ನಾಲ್ಕು ಕೋಮ ಇಳಿಕೆ, ನಾಲ್ಕು ಕೋಮ ಏರಿಕೆ. ಬಕಿಯೆಯನ್ನೂ ಬಿಡಲಿಲ್ಲ. ದೋದಿಂದ ಫಾವರೆಗೆ 22 ಕೋಮ. ಎರಡು ಪೂರ್ಣ ಸ್ವರಾಂತರಗಳನ್ನು, ಅಂದರೆ 18 ಕೋಮಗಳನ್ನು, ಕಳೆದರೆ ಉಳಿಯುವುದು 4. ಆ ಉಳಿಕೆಯೇ ಬಕಿಯೆ. ನಮ್ಮ ಅಂಗಡಿ ಲೆಕ್ಕದ ಬಾಕಿಯೂ ಅದೇ ಅರಬ್ಬಿ ಬೇರಿನದು. ಮೊದಲ ಸಲ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗದು. ಉಶ್ಶಾಕ್ ಮಕಾಮಿನಲ್ಲಿ ಸಿಯನ್ನು ಒಂದು ಕೋಮ ಇಳಿಸಿ ಬರೆಯುತ್ತಾರೆ, ಆದರೆ ನುಡಿಸುವಾಗ ಅದಕ್ಕಿಂತ ಕೆಳಗೆ, ಎರಡು ಮೂರು ಕೋಮದಷ್ಟು ಇಳಿಸುತ್ತಾರೆ. ಜನಪದ ಹಾಡುಗಳನ್ನು ಬರೆದಿಡುವವರು ಇಳಿಕೆಯ ಚಿಹ್ನೆಯ ಮೇಲೆ 2 ಎಂಬ ಅಂಕಿಯನ್ನೇ ಹಾಕುತ್ತಾರೆ. ಬರಹಕ್ಕೂ ನುಡಿಸಾಣಿಕೆಗೂ ಇರುವ ಈ ಅಂತರದ ಬಗ್ಗೆ ಮೂಲದಲ್ಲಿ ಒಂದು ವಾಕ್ಯವಿತ್ತು. ಅದು ನನ್ನ ಏಕಶ್ರುತಿಗೆ ಹೊಂದಲಿಲ್ಲವೆಂದು ನಾನು ಅದನ್ನು ಬಿಟ್ಟುಬಿಟ್ಟಿದ್ದೆ. ಪದ ತಪ್ಪುವುದು ಅನುವಾದದಲ್ಲಿ ಇದ್ದದ್ದೇ, ಇದು ಹಾಗಲ್ಲ. ನಾನು ಕಟ್ಟಿದ ಕೋಷ್ಟಕ ಚೆಂದವಾಗಿ ಕಾಣಲೆಂದು ಇನ್ನೊಬ್ಬರ ಸಂಗೀತದ ಸಂಗತಿಯನ್ನೇ ಅಳಿಸಿದ್ದೆ.

ಈಗ ಆ ವಾಕ್ಯ ಮರಳಿ ಬಂದಿದೆ. ಅದರ ಕೆಳಗೆ ನಮ್ಮ ಕಡೆಯ ಉದಾಹರಣೆಯೊಂದನ್ನು ಸೇರಿಸಿದ್ದೇನೆ: ಪುಸ್ತಕದಲ್ಲಿ ತೋಡಿಯ ಗಾಂಧಾರಕ್ಕೂ ಖರಹರಪ್ರಿಯದ ಗಾಂಧಾರಕ್ಕೂ ಸಾಧಾರಣ ಗಾಂಧಾರವೆಂದೇ ಹೆಸರು, ಹಾಡಿದಾಗ ಎರಡೂ ಒಂದೇ ಎಂದು ಯಾರೂ ಹೇಳರು. ಪಿಟೀಲಿನವರು ಅದನ್ನು ಓದಿ ಉಶ್ಶಾಕ್ ಧ್ವನಿಮುದ್ರಿಕೆ ತರಿಸಿಕೊಂಡರು. ಸಿ ಎಲ್ಲಿ ನಿಲ್ಲುತ್ತದೆಂದು ಕಿವಿಯಿಂದಲೇ ಹುಡುಕುತ್ತಿದ್ದಾರೆ.