ಹನ್ನೆರಡನೆಯ ಚಿತ್ರ

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗಿದ್ದರೆ ನೀವು ನಮ್ಮ ಲಿಂಗದಹಳ್ಳಿಯನ್ನು ಹಾದೇ ಹೋಗಿರುತ್ತೀರಿ. ಆದರೆ ಊರನ್ನು ಕಂಡಿರಲಾರಿರಿ. ಅದನ್ನು ಕಾಣಬೇಕಾದರೆ ಅದನ್ನು ಬಿಟ್ಟು ಮೇಲೇರಬೇಕು. ಕೆಮ್ಮಣ್ಣುಗುಂಡಿಯ ರಾಜಭವನದ ಮುಂದೆ, 1,400 ಮೀಟರಿಗೂ ಮಿಕ್ಕ ಎತ್ತರದಲ್ಲಿ, ಮಂಜು ಸರಿದ ಮುಂಜಾನೆ ನಿಂತರೆ ಬಯಲು ನಾಡೆಲ್ಲ ಚಾಪೆ ಹಾಸಿದಂತೆ ತೋರುತ್ತದೆ. ನನ್ನ ಬಾಲ್ಯದಲ್ಲಿ ತಂದೆಯವರು ನನ್ನನ್ನು ಅಲ್ಲಿ ನಿಲ್ಲಿಸಿ, ಊರುಗಳನ್ನು ಮನೆಗಳಿಂದಲ್ಲ, ಕೆರೆಗಳಿಂದ ಗುರುತಿಸಬೇಕೆಂದು ಕಲಿಸಿದ್ದರು. ಬಿಸಿಲಿಗೆ ಹೊಳೆಯುವ ಬೆಳ್ಳಿಯ ಬಿಲ್ಲೆಯೊಂದು ಕಂಡರೆ ಅದರ ಕೆಳಗೆ ಅಡಕೆಯ ತೋಟ, ತೋಟವಿದ್ದಲ್ಲಿ ಊರು.

1980ರ ಜನವರಿಯಲ್ಲಿ ನೆಂಟರ ಮದುವೆಯ ನಿಮಿತ್ತ ಅವರನ್ನು ಬೆಂಗಳೂರಿಗೆ ಕರೆದೊಯ್ದೆ. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಆ ದಶಕದ ಹಿಂದಷ್ಟೇ ತಲೆಯೆತ್ತಿದ್ದ ಪಬ್ಲಿಕ್ ಯುಟಿಲಿಟಿ ಕಟ್ಟಡವಿದೆಯಲ್ಲವೇ, 25 ಅಂತಸ್ತಿನ, ಸುಮಾರು 106 ಮೀಟರ್ ಎತ್ತರದ ಆ ಕಟ್ಟಡವನ್ನು ಏರಿ ನಗರದ ಚಿತ್ರ ತೆಗೆಯಬೇಕೆಂಬುದು ನನ್ನ ಬಹುದಿನದ ಹಂಬಲವಾಗಿತ್ತು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ನೋಡುಗರಿಗೆಂದೇ 86ನೆಯ ಅಂತಸ್ತಿನಲ್ಲಿ 1931ರಿಂದಲೂ ಬಯಲು ಜಗಲಿಯಿದೆ. ನಮಗೆ ದೊರೆತದ್ದು, ಮೇಲಿನ ಅಂತಸ್ತೊಂದರ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಕಡೆಯವರೊಬ್ಬರ ದಾಕ್ಷಿಣ್ಯದಿಂದ, ಉತ್ತರಕ್ಕೆ ತೆರೆದ ಒಂದು ಗಾಜಿನ ಕಿಟಕಿ. ಲಿಫ್ಟಿನಲ್ಲಿ ತಂದೆಯವರು ಕಣ್ಣು ಮುಚ್ಚಿಯೇ ನಿಂತಿದ್ದರು.

ಕೈಯಲ್ಲಿದ್ದುದು ಎರವಲು ತಂದ ಆಗ್ಫಾ ಕ್ಲಿಕ್ ಕ್ಯಾಮರಾ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಸುರುಳಿ. ಹನ್ನೆರಡೇ ಚಿತ್ರ. ಗಾಜಿನ ಮೂಲಕ ಚಿತ್ರ ತೆಗೆಯುವುದು ತೋರಿದಷ್ಟು ಸುಲಭವಲ್ಲವೆಂಬುದನ್ನು ನೀವೂ ಅನುಭವಿಸಿರಬಹುದು. ಕೋಣೆಯ ದೀಪ, ನಮ್ಮದೇ ಬಿಳಿಯ ಅಂಗಿ, ಎಲ್ಲವೂ ಗಾಜಿನಲ್ಲಿ ಪ್ರತಿಬಿಂಬಿಸಿ ನಗರದ ಮೇಲೆ ತೇಲಾಡುತ್ತವೆ. ಮಸೂರವನ್ನು ಗಾಜಿಗೆ ತಾಗುವಷ್ಟು ಸಮೀಪಕ್ಕೆ ಹಿಡಿದು ಸುತ್ತಲೂ ಕಪ್ಪು ಬಟ್ಟೆಯನ್ನು ಮರೆಮಾಡಬೇಕು. ತಂದೆಯವರ ಹೆಗಲ ಮೇಲಿದ್ದ ಕರಿಯ ಕಂಬಳಿಯೇ ಆ ಕೆಲಸಕ್ಕೆ ಒದಗಿತು. ಅವರು ಕಂಬಳಿಯನ್ನು ಎರಡೂ ಕೈಗಳಿಂದ ಎತ್ತಿ ಹಿಡಿದರು; ನಾನು ಅದರೊಳಗೆ ತಲೆಯಿಟ್ಟು ಕ್ಯಾಮರಾ ಒತ್ತಿದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದು ಪ್ರತಿಯೊಂದು ಕಟ್ಟಡಕ್ಕೂ ನೆರಳಿತ್ತು. ನಡುಹಗಲಾದರೆ ನೆರಳುಗಳು ಅಡಗಿ ನಗರ ಚಪ್ಪಟೆಯಾಗುತ್ತದೆ. ಪೆರೇಡ್ ಮೈದಾನ, ಮರಗಳಾಚೆ ವಿಧಾನಸೌಧದ ಗುಮ್ಮಟ, ಶಿವಾಜಿನಗರದ ಚರ್ಚಿನ ಗೋಪುರ. ಹೀಗೆ ಹನ್ನೊಂದು ಚಿತ್ರಗಳು ಮುಗಿದವು.

ಮನುಷ್ಯರು ಮಾತ್ರ ಕಾಣಲಿಲ್ಲ. ಆ ಎತ್ತರದಿಂದ ಅವರು ಸಾಸಿವೆಯ ಕಾಳು. 1838ರಲ್ಲಿ ದಾಗೇರ್ ಎಂಬಾತನು ಪ್ಯಾರಿಸ್ಸಿನ ಮೇಲ್ಮಹಡಿಯ ಕಿಟಕಿಯಿಂದ ಒಂದು ಬೀದಿಯನ್ನು ಚಿತ್ರಿಸಿದಾಗ, ಬೆಳಕು ಫಲಕದ ಮೇಲೆ ನಿಮಿಷಗಟ್ಟಲೆ ಬೀಳಬೇಕಾಗಿದ್ದುದರಿಂದ, ಚಲಿಸುತ್ತಿದ್ದ ಗಾಡಿಗಳೂ ಜನರೂ ಅಳಿಸಿಹೋದರಂತೆ. ಬೂಟಿಗೆ ಪಾಲಿಶ್ ಮಾಡಿಸಿಕೊಳ್ಳುತ್ತ ಅಲುಗದೆ ನಿಂತಿದ್ದ ಒಬ್ಬ ಗ್ರಾಹಕನೂ, ಪಾಲಿಶ್ ಮಾಡುವವನ ಮಸುಕು ರೂಪವೂ ಉಳಿದವು. ನನ್ನ ಹನ್ನೊಂದರಲ್ಲಿ ಅಷ್ಟೂ ಇಲ್ಲ.

ಕಂಬಳಿ ಮಡಿಸುತ್ತ ತಂದೆಯವರು ಕೇಳಿದರು: “ಇದೆಲ್ಲಾ ಸರಿ ಕಣಪ್ಪಾ. ಈ ಊರಿಗೆ ಕೆರೆ ಎಲ್ಲೈತೆ?”

ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಯಂತ್ರಗಳ ಬಲದಿಂದ ಮೇಲೇರಿ ಬರುತ್ತದೆ, 1974ರಲ್ಲಿ ಆ ಯೋಜನೆ ಆರಂಭವಾಯಿತು ಎಂದೆ, ತಿಳಿದವನ ಗತ್ತಿನಿಂದ.

“ಅದಕ್ಕೂ ಮುಂಚೆ ಜನ ಏನು ಕುಡೀತಿದ್ರು?”

ನಾನು ನಕ್ಕುಬಿಟ್ಟೆ. ಹಿಂದಿನ ದಿನ ನಾವು ಬಸ್ಸಿನಿಂದಿಳಿದ ನಿಲ್ದಾಣವೇ ಧರ್ಮಾಂಬುಧಿ ಕೆರೆಯ ಅಂಗಳವೆಂದೂ, ಕಂಠೀರವ ಕ್ರೀಡಾಂಗಣದ ಕೆಳಗಿರುವುದು ಸಂಪಂಗಿ ಕೆರೆಯೆಂದೂ ನನಗೆ ಆಗ ತಿಳಿದಿರಲಿಲ್ಲ. ಅವರು ನನ್ನ ಉತ್ತರಕ್ಕೆ ಕಾಯಲೂ ಇಲ್ಲ. ಕಿಟಕಿಗೆ ಹಣೆ ತಾಗಿಸಿ ಹುಡುಕತೊಡಗಿದರು. ಸ್ವಲ್ಪ ಹೊತ್ತಿನಲ್ಲೇ ಬಲಗೈ ಎತ್ತಿ, “ಅಗೋ, ಅಲ್ಲೊಂದು ಉಳಿಸವ್ರೆ” ಎಂದರು. ಈಶಾನ್ಯದಲ್ಲಿ ಹಲಸೂರು ಕೆರೆ ಹೊಳೆಯುತ್ತಿತ್ತು.

ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದ ಮನುಷ್ಯ ಆ ಕ್ಷಣ ಕ್ಯಾಮರಾವನ್ನೇ ಮರೆತಿದ್ದರು. ನಾನು ಸದ್ದಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿದು, ಉಳಿದಿದ್ದ ಒಂದನ್ನು ತೆಗೆದೆ.

ತಪ್ಪು ನನ್ನದೇ. ಹೊರಗಿನ ಬಿಸಿಲಿಗೂ ಒಳಗಿನ ಮಬ್ಬಿಗೂ ಇರುವ ಅಂತರ ನಮ್ಮ ಕಣ್ಣಿಗೆ ತಿಳಿಯದು. ಫಿಲ್ಮಿಗೆ ಅದನ್ನು ದಾಟಲಾಗದು. ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ಕ್ಯಾಮರಾದ ಗುರುತು ಬಿಸಿಲಿಗೇ ಇತ್ತು. ಕಿಟಕಿಯ ಪಕ್ಕಕ್ಕೆ ಸರಿದು, ಬೆಳಕು ಅವರ ಮುಖದ ಮೇಲೆ ಬೀಳುವಂತೆ ನಿಂತಿದ್ದರೆ ಸಾಕಾಗಿತ್ತು. ಇದು ನನಗೆ ಗೊತ್ತಿದ್ದ ಸಂಗತಿಯೇ.

1982ರಲ್ಲಿ ತಂದೆಯವರು ಲಿಂಗೈಕ್ಯರಾದರು. ಶಿವಗಣಾರಾಧನೆಗೆ ಭಾವಚಿತ್ರ ಬೇಕೆಂದಾಗ ಮನೆಯಲ್ಲಿ ಹುಡುಕಿದೆವು, ಇದ್ದುದು ಇದೊಂದೇ. ನೆಗೆಟಿವ್ ಹಿಡಿದು ತರೀಕೆರೆಯ ಸ್ಟುಡಿಯೋಗೆ ಓಡಿದೆ. ಅವರು ಅದನ್ನು ದೀಪಕ್ಕೆ ಹಿಡಿದು ನೋಡಿ, ಹಣ ಬೇಡವೆಂದು ಹಿಂದಿರುಗಿಸಿದರು. ಬೆಳಕು ತಾಗಿದ ಕಡೆ ಬೆಳ್ಳಿ ಕಪ್ಪಾಗಿ ನಿಲ್ಲುತ್ತದೆ. ತಾಗದ ಕಡೆ ತೊಳೆದುಹೋಗುತ್ತದೆ. ತಂದೆಯವರ ಮುಖವಿದ್ದ ಸ್ಥಳದಲ್ಲಿ ಫಿಲ್ಮು ಬರಿಯ ಗಾಜಿನಂತೆ ಸ್ವಚ್ಛವಾಗಿತ್ತು. ತೊಟ್ಟಿಯ ಪೂಜೆಯ ಜಾಗದಲ್ಲಿ ಅವರ ರುಮಾಲನ್ನೂ ಕಂಬಳಿಯನ್ನೂ ಇಟ್ಟು ಕಾರ್ಯ ಮುಗಿಸಿದೆವು.

ಕಳೆದ ವರ್ಷ ಮೊಮ್ಮಗ ಅದನ್ನು ಕಂಪ್ಯೂಟರಿಗೆ ಏರಿಸಿದ. ಅವನ ಮೊಬೈಲು ಒಂದೇ ದೃಶ್ಯವನ್ನು ಹಲವು ಬೆಳಕಿನಲ್ಲಿ ಹಿಡಿದು ಒಂದಾಗಿ ಬೆಸೆಯುತ್ತದೆ. ಕಿಟಕಿಯೂ ಕಾಣುತ್ತದೆ, ಮುಖವೂ ಕಾಣುತ್ತದೆ. ಮುತ್ತಜ್ಜನನ್ನೂ ಹಾಗೆಯೇ ಬೆಳಗಿಸಬಹುದೆಂದು ಅವನಿಗೆ ನಂಬಿಕೆಯಿತ್ತು. ರಾತ್ರಿ ಬಹಳ ಹೊತ್ತು ಕುಳಿತಿದ್ದ. ಬೆಳಗ್ಗೆ, “ಏನೂ ಇಲ್ಲ ತಾತ” ಎಂದ.

ಚಿತ್ರ ನನ್ನ ಮೇಜಿನ ಮೇಲಿದೆ. ರುಮಾಲಿನ ಅಂಚು, ಚಾಚಿದ ಕೈ, ಒಂದು ಬೆರಳು, ಎಲ್ಲವೂ ಕಪ್ಪು. ಬೆರಳಿನ ಆಚೆ, ಕಿಟಕಿಯಲ್ಲಿ, ಹಲಸೂರು ಕೆರೆ ಬೆಳ್ಳಗೆ ಹೊಳೆಯುತ್ತಿದೆ.