ಅಣ್ಣನ ಕಂಪ್ಯೂಟರ್ ಆಫ್ ಆದ್ರೆ ನಂದೂ ಆಫ್

ಕಂಪ್ಯೂಟರ್ ನೆಟ್‌ವರ್ಕ್ಸ್ ಅನ್ನೋ ಸಬ್ಜೆಕ್ಟ್ ನಮಗೆ ಮುಂದಿನ ವರ್ಷ ಬರುತ್ತೆ. ಅದರಲ್ಲಿ ಗೇಟ್‌ವೇ ಅಂದ್ರೆ ಏನು ಅಂತ ಎರಡು ಮಾರ್ಕಿಗೆ ಕೇಳ್ತಾರಂತೆ. ನನಗೆ ಅದರ ಉತ್ತರ ಎಸ್ಸೆಸ್ಸೆಲ್ಸಿಯಲ್ಲೇ ಗೊತ್ತಿತ್ತು. ಗೇಟ್‌ವೇ ಅಂದ್ರೆ ಅಣ್ಣ.

ನಮ್ಮ ಮನೆ ಇರೋದು ಕುವೆಂಪುನಗರದಲ್ಲಿ, ಪಂಚಮಂತ್ರ ರಸ್ತೆಯಿಂದ ಎರಡು ತಿರುವು ಒಳಗೆ. ಥರ್ಟಿ-ಫಾರ್ಟಿ ಸೈಟು. ಕೆಳಗೆ ನಾವೆಲ್ಲ, ಮೇಲೆ ಒಂದೇ ಒಂದು ರೂಮು. ಆ ರೂಮು ಅಣ್ಣಂದು. ಅವನು ಆಗ ಇಂಜಿನಿಯರಿಂಗ್ ಓದ್ತಿದ್ದ, "ಅವನಿಗೆ ಡಿಸ್ಟರ್ಬ್ ಆಗಬಾರದು" ಅನ್ನೋದು ಮನೆಯ ಕಾನೂನು. ಇಂಟರ್ನೆಟ್ ಕೇಬಲ್ಲೂ ತಾರಸಿಯಿಂದ ಇಳಿದು ಮೊದಲು ಅವನ ರೂಮಿಗೇ ಹೋಗುತ್ತೆ. ನನ್ನದು ಹಾಲಿನ ಮೂಲೆಯಲ್ಲಿ ಅಪ್ಪನ ಹಳೇ ಡೆಸ್ಕ್‌ಟಾಪ್. ಅದಕ್ಕೆ ವೈ-ಫೈ ಕೂಡ ಇರಲಿಲ್ಲ.

2021ರ ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು-ಸಿಡಿಲಿಗೆ ನಮ್ಮ ರೂಟರ್ ಸುಟ್ಟು ಹೋಯ್ತು. ಲಾಕ್‌ಡೌನ್, ಅಂಗಡಿಗಳು ಬಂದ್. ಆನ್‌ಲೈನಲ್ಲಿ ತರಿಸೋಣ ಅಂದ್ರೆ ಅಪ್ಪ, "ಈಗ ಹೊರಗಿನ ಡಬ್ಬ ಯಾವುದೂ ಮನೆಯೊಳಗೆ ಬೇಡ" ಅಂದುಬಿಟ್ಟರು. ನನ್ನದೋ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಂದಕ್ಕೆ ಹೋಗಿತ್ತು, ಯಾವಾಗ ಅಂತ ಗೊತ್ತಿಲ್ಲ, ರಿವಿಷನ್ ಕ್ಲಾಸ್ ಮಾತ್ರ ನಡೀತಾನೇ ಇತ್ತು. ಅಮ್ಮನ ಫೋನಿನ ಡೇಟಾ ಮಧ್ಯಾಹ್ನದೊಳಗೆ ಖಾಲಿ.

ಪರಿಹಾರ ಹುಡುಕಿದ್ದು ಅಣ್ಣನೇ, ಅದನ್ನ ಹೇಳಲೇಬೇಕು. ವಿಂಡೋಸ್‌ನಲ್ಲಿ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಅಂತ ಒಂದು ಸೌಲಭ್ಯ ಇದೆ. 1999ರ ವಿಂಡೋಸ್ 98 ಸೆಕೆಂಡ್ ಎಡಿಷನ್‌ನಲ್ಲೇ ಬಂದಿದ್ದು, ಅಂದ್ರೆ ನನಗಿಂತ ಹಿರಿಯದು. ಇಂಟರ್ನೆಟ್ ಬರೋ ಕಂಪ್ಯೂಟರಿಗೆ ಎರಡು ಲ್ಯಾನ್ ಪೋರ್ಟ್ ಇರಬೇಕು: ಒಂದಕ್ಕೆ ಹೊರಗಿನ ಕೇಬಲ್, ಇನ್ನೊಂದರಿಂದ ಎರಡನೇ ಕಂಪ್ಯೂಟರಿಗೆ. ಅಣ್ಣನ ಫ್ರೆಂಡ್ ಒಬ್ಬ ಹಳೇ ಲ್ಯಾನ್ ಕಾರ್ಡನ್ನ ಮಾಸ್ಕ್ ಹಾಕ್ಕೊಂಡು ಬಂದು ಗೇಟಿನ ಮೇಲಿಂದ ಕೊಟ್ಟು ಹೋದ. ಕೇಬಲ್ ಕಿಟಕಿಯಿಂದ ಇಳೀತು, ತುಳಸಿ ಕಟ್ಟೆ ಪಕ್ಕದಲ್ಲಿ ಹಾದು ಹಾಲಿಗೆ ಬಂತು. ಅಣ್ಣ ಕನೆಕ್ಷನ್ನಿನ ಪ್ರಾಪರ್ಟೀಸ್ ತೆಗೆದು, ಶೇರಿಂಗ್ ಟ್ಯಾಬಿಗೆ ಹೋಗಿ ಒಂದು ಟಿಕ್ ಹಾಕಿದ. ಅಷ್ಟೇ. ಅವನ ಕಂಪ್ಯೂಟರ್ ನಮ್ಮ ಮನೆಯೊಳಗೆ 192.168.137.1 ಆಯ್ತು. ನನಗೂ ಅದೇ ಸಾಲಲ್ಲಿ ಒಂದು ನಂಬರ್ ಸಿಕ್ತು.

ಈ ನಂಬರಿನ ಕಥೆ ಚೆನ್ನಾಗಿದೆ. ಐಪಿ ಅಡ್ರೆಸ್ 32 ಬಿಟ್ಟಿನದು, ಒಟ್ಟು ಸುಮಾರು 429 ಕೋಟಿ. ಭೂಮಿ ಮೇಲಿರೋ ಜನಕ್ಕೇ ಸಾಲಲ್ಲ. ಅದಕ್ಕೆ 192.168ರಿಂದ ಶುರುವಾಗೋ ಅಡ್ರೆಸ್‌ಗಳನ್ನ 1996ರ ಆರ್‌ಎಫ್‌ಸಿ 1918ರಲ್ಲಿ ಒಳಗಿನ ಬಳಕೆಗೆ ಅಂತಲೇ ಬಿಟ್ಟಿದ್ದಾರೆ. ಪ್ರತಿ ಬೀದಿಯಲ್ಲೂ ಒಂದು "ಮೂಲೆ ಮನೆ" ಇರುತ್ತಲ್ಲ, ಹಾಗೆ. ಬೀದಿಯವರಿಗೆಲ್ಲ ಗೊತ್ತು, ಆದ್ರೆ ಕವರ್ ಮೇಲೆ ಬರೀ "ಮೂಲೆ ಮನೆ" ಅಂತ ಬರೆದ್ರೆ ಪೋಸ್ಟ್‌ಮ್ಯಾನ್ ಏನು ಮಾಡ್ತಾನೆ? ಹಾಗಾಗಿ ನಾನು ಕಳಿಸೋ ಪ್ಯಾಕೆಟ್ ಮೇಲೆ ನನ್ನ ಅಡ್ರೆಸ್ ಅಳಿಸಿ ಅಣ್ಣನ ಕಂಪ್ಯೂಟರ್ ಅವನ ಅಡ್ರೆಸ್ ಹಾಕುತ್ತೆ, ಯಾವ ಪೋರ್ಟಿಂದ ಹೋಗಿದ್ದು ಯಾರದು ಅಂತ ಒಂದು ಪಟ್ಟಿ ಇಟ್ಟುಕೊಳ್ಳುತ್ತೆ. ಉತ್ತರ ಬಂದಾಗ ಪಟ್ಟಿ ನೋಡಿ ನನಗೆ ದಾಟಿಸುತ್ತೆ. ಇದಕ್ಕೆ ನ್ಯಾಟ್ ಅಂತಾರೆ. ಹೊರಗಿನವರ ಲೆಕ್ಕದಲ್ಲಿ ನಾನು ಇಲ್ಲವೇ ಇಲ್ಲ, ನಮ್ಮ ಮನೆಯಿಂದ ಮಾತಾಡ್ತಿರೋದು ಒಬ್ಬನೇ.

ಮೊದಲ ವಾರ ಖುಷಿಯಾಗೇ ಇದ್ದೆ. ತೊಂದರೆ ಎಲ್ಲಿ ಅಂದ್ರೆ, ಅಣ್ಣ ಮಲಗೋದು ರಾತ್ರಿ ಎರಡಕ್ಕೆ, ಏಳೋದು ಒಂಬತ್ತಕ್ಕೆ. ನಾನು ಏಳೋದು ಬೆಳಗ್ಗೆ ಐದಕ್ಕೆ. ಅವನು ಶಟ್‌ಡೌನ್ ಮಾಡಿ ಮಲಗಿದ್ರೆ ಪಟ್ಟಿ ಇಟ್ಟುಕೊಳ್ಳೋರೇ ಇಲ್ಲ, ನನಗೆ ನೆಟ್ಟೂ ಇಲ್ಲ. ಟೀಚರ್ ಹಾಕಿರೋ ವಿಡಿಯೋ ನೋಡೋಕೆ ನನಗೆ ಸಿಗೋ ಶಾಂತ ಹೊತ್ತು ಅದೊಂದೇ. ಆಮೇಲೆ ಹಾಲಲ್ಲಿ ಟಿವಿ, ಮಿಕ್ಸಿ, ಹೂವಿನವರು, ಎಲ್ಲಾ. ಮೇಲೆ ಹೋಗಿ ಬಾಗಿಲು ತಟ್ಟೋಕೆ ಹೋದ್ರೆ ಅಮ್ಮ ಕೆಳಗಿಂದ, "ಪಾಪ, ರಾತ್ರಿಯೆಲ್ಲಾ ಓದಿದ್ದಾನೆ, ಎಬ್ಬಿಸ್ಬೇಡ ಪುಟ್ಟಿ." ರಾತ್ರಿ ಆನ್ ಮಾಡೇ ಬಿಡ್ಲಿ ಅಂದ್ರೆ ಅಪ್ಪನ ಕರೆಂಟ್ ಬಿಲ್. ಅಪ್ಪನ ಮಾತಿನಲ್ಲಿ ತಪ್ಪಿರಲಿಲ್ಲ, ಡೆಸ್ಕ್‌ಟಾಪ್ ಸುಮ್ಮನೆ ಕೂತಿದ್ರೂ ಹತ್ತಾರು ವ್ಯಾಟ್ ತಿನ್ನುತ್ತೆ.

ಯಾರೂ ಕೆಟ್ಟವರಲ್ಲ. ಯಾರೂ "ನೀನು ಹುಡುಗಿ, ನಿಂದು ಆಮೇಲೆ" ಅಂತ ಹೇಳಲಿಲ್ಲ. ನಮ್ಮನೇಲಿ ಹಾಗೆಲ್ಲ ಮಾತಾಡಲ್ಲ. ಆದ್ರೆ ಕೇಬಲ್ ಹಾಗೇ ಎಳೆದಿತ್ತು.

ಒಂದಿನ ಊಟಕ್ಕೆ ಕೂತಾಗ ಕೇಳಿದೆ: "ಹೊರಗಿನ ಕೇಬಲನ್ನ ಒಂದು ವಾರ ನನ್ನ ಕಂಪ್ಯೂಟರಿಗೆ ಹಾಕೋಣ. ನನ್ನಿಂದ ಅಣ್ಣನಿಗೆ ಹೋಗಲಿ. ಶೇರಿಂಗ್ ಯಾವ ಕಡೆಯಿಂದ ಆದ್ರೂ ಒಂದೇ ತಾನೇ?"

ಅಪ್ಪ ನಕ್ಕರು. ಅಣ್ಣ ನಗಲಿಲ್ಲ. "ನೀನು ಹತ್ತು ಗಂಟೆಗೆ ಆಫ್ ಮಾಡಿ ಮಲಗ್ತೀಯಲ್ಲ? ಆಮೇಲೆ ನಾನೇನು ಮಾಡ್ಲಿ? ರಾತ್ರಿ ಒಂದು ಗಂಟೆಗೆ ನಿನ್ನ ಎಬ್ಬಿಸ್ಲಾ?"

"ಪಾಪ, ಮಲಗಿದ್ದಾಳೆ, ಎಬ್ಬಿಸ್ಬೇಡ" ಅಂತ ನಾನು ಅಮ್ಮನ ಥರಾನೇ ಹೇಳಿದೆ. ಅಮ್ಮ ಸಾರು ಬಡಿಸ್ತಿದ್ದವಳು ಸೌಟು ಹಿಡ್ಕೊಂಡು ನಿಂತಳು. ಆಮೇಲೆ ಅಪ್ಪನ ಕಡೆ ತಿರುಗಿ, "ಅಂಗಡಿ ತೆಗೆದ ದಿನವೇ ಆ ಡಬ್ಬ ತಂದುಬಿಡಿ" ಅಂದಳು.

ಅಲ್ಲಿವರೆಗೆ ಅಣ್ಣ ತಾನೇ ಒಂದು ದಾರಿ ಮಾಡಿದ. ಬೆಳಗ್ಗೆ 4:50ಕ್ಕೆ ಕಂಪ್ಯೂಟರ್ ತಾನಾಗೇ ಆನ್ ಆಗೋ ಹಾಗೆ ಬಯಾಸ್‌ನಲ್ಲಿ ಟೈಮ್ ಸೆಟ್ ಮಾಡಿದ. ಅವನ ಫ್ಯಾನ್ ಸದ್ದು ಶುರುವಾದ್ರೆ ನನಗೆ ಕೆಳಗೇ ಗೊತ್ತಾಗ್ತಿತ್ತು. ಕರೆಂಟ್ ಬಿಲ್ ಬಗ್ಗೆ ಯಾರೂ ಮಾತೆತ್ತಲಿಲ್ಲ. ಪರೀಕ್ಷೆ ಕೊನೆಗೂ ಜುಲೈ 19 ಮತ್ತು 22ಕ್ಕೆ ಆಯ್ತು. ಎರಡೇ ದಿನ, ದಿನಕ್ಕೆ ಮೂರು ಸಬ್ಜೆಕ್ಟ್, ಒಂದೊಂದಕ್ಕೆ 40 ಪ್ರಶ್ನೆ, ಓಎಂಆರ್ ಶೀಟು. ಅಷ್ಟೊತ್ತಿಗೆ ಹೊಸ ರೂಟರ್ ಬಂದಿತ್ತು.

ರೂಟರ್ ಒಳಗೂ ಇರೋದು ಒಂದು ಪುಟ್ಟ ಕಂಪ್ಯೂಟರೇ. ಅದೇ ನ್ಯಾಟ್, ಅದೇ ಪಟ್ಟಿ, ಅಣ್ಣನ ಕಂಪ್ಯೂಟರ್ ಮಾಡ್ತಿದ್ದ ಕೆಲಸವೇ, ಐದಾರು ವ್ಯಾಟ್‌ನಲ್ಲಿ. ವ್ಯತ್ಯಾಸ ಇಷ್ಟೇ, ಅದಕ್ಕೆ ಸೆಮಿಸ್ಟರ್ ಇಲ್ಲ, ನಿದ್ದೆ ಇಲ್ಲ, ಅದು ಯಾರ ಮಗನೂ ಅಲ್ಲ. ಅಪ್ಪ ಅದನ್ನ ಅಭ್ಯಾಸಬಲದಿಂದ ಅಣ್ಣನ ರೂಮಿಗೆ ತಗೊಂಡು ಹೊರಟಿದ್ರು. ಮೆಟ್ಟಿಲ ತಿರುವಲ್ಲಿ ಇಡೋಣ ಅಂತ ನಾನು ಹಟ ಹಿಡಿದೆ. ನಾಲ್ಕು ಮೀಟರ್ ಕೇಬಲ್ ಜಾಸ್ತಿ ಹಿಡೀತು. ಮೊಳೆ ಹೊಡೆದಿದ್ದು ಅಣ್ಣ.

ಅವನು ಈಗ ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ, ಮೇಲಿನ ರೂಮು ನಂದಾಗಿದೆ. ರೂಟರನ್ನ ರೂಮಿಗೇ ಹಾಕ್ಕೋ, ಸ್ಪೀಡ್ ಚೆನ್ನಾಗಿ ಬರುತ್ತೆ ಅಂತ ಅಪ್ಪ ಆಗಾಗ ಹೇಳ್ತಾರೆ. ಅಮ್ಮ ಅಡುಗೆಮನೆಯಲ್ಲಿ ಫೋನ್ ಒರಗಿಸಿಟ್ಟು ಧಾರಾವಾಹಿ ನೋಡ್ತಾಳೆ, ಮೇಲಿನ ರೂಮಿಂದ ಅಲ್ಲಿಗೆ ಸಿಗ್ನಲ್ ಸರಿಯಾಗಿ ಬರಲ್ಲ. ಅದು ಮೆಟ್ಟಿಲ ತಿರುವಲ್ಲೇ ಇದೆ.